ಅರ್ಚಾ-ಬುಲಾಕ್ ಗ್ರಾಮದ ಕೆಂಪು ಚುಕ್ಕೆಗಳ ನಿಯಂತ್ರಣ ಕುರಿತು

ಜಿಲ್ಲಾ ಕುಟುಂಬ ವೈದ್ಯ ಕೇಂದ್ರ
ಅಂಕಿ-ಅಂಶ ಮತ್ತು ಹದಿಹರೆಯ ವಿಭಾಗ
ಎರಡನೇ ಮಹಡಿ (ಒಲೆ ಇರುವ ಕೋಣೆ)

ಸಂಖ್ಯೆ: ಜಿಕುವೈಕೇ/ಅಂಹ/ಹರ್ಷ/೩೧-೧/ಕೆಂಪು
ದಿನಾಂಕ: ಜೂನ್ ೧ (ಮಕ್ಕಳ ರಕ್ಷಣಾ ದಿನ)

ಸುತ್ತೋಲೆ

ವಿಷಯ: ಹದಿಹರೆಯದವರಲ್ಲಿ ಖಿನ್ನತೆಯನ್ನು ಅದು ಬರುವ ಮುನ್ನವೇ ಆನ್‌ಲೈನ್ ಮೂಲಕ ತಡೆಗಟ್ಟುವ ‘ಹಸನ್ಮುಖ’ ಕಾರ್ಯಕ್ರಮದಲ್ಲಿ, ಪೂರ್ವಾನುಮತಿ ಇಲ್ಲದೆ ಕಾಣಿಸಿಕೊಂಡಿರುವ ಕೆಂಪು ಚುಕ್ಕೆಗಳ ಬಗ್ಗೆ.

ಉಲ್ಲೇಖ:
(೧) ನೂರಕ್ಕೆ ನೂರು ಹರ್ಷ ಸಾಧಿಸುವ ಕುರಿತು ರಾಜಧಾನಿಯಿಂದ ಬಂದ ಪತ್ರ.
(೨) ಇದೇ ಕಛೇರಿಯ ಹಿಂದಿನ ಸುತ್ತೋಲೆ. ಅದನ್ನು ಯಾರೂ ಓದಿಲ್ಲವೆಂಬುದು ಈಗ ತಿಳಿದುಬಂದಿದೆ.
(೩) ಅರ್ಚಾ-ಬುಲಾಕ್ ಆರೋಗ್ಯ ಠಾಣೆಯ ಶ್ರೀಮತಿ ಕಾಲಿಪಾ ಬೈಸಾಲೋವಾ ಅವರ ವಿವರಣೆ ಪತ್ರ: ಶಾಲಾ ನೋಟ್‌ಬುಕ್ಕಿನ ಮೂರು ಹಾಳೆ, ಒಂದರ ಮೇಲೆ ಚಹಾದ ಕಲೆ.

ಪ್ರಸ್ತಾವನೆ

ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳು ಮನಸ್ಸು ಕುಗ್ಗಿ ಕೂರುವ ಮುನ್ನವೇ ಫೋನಿನಲ್ಲಿ ಹದಿನಾಲ್ಕು ಪಾಠ ಓದಿ, ಪ್ರಶ್ನೆಗಳಿಗೆ ಉತ್ತರಿಸಿ, ತಮ್ಮ ಮನಸ್ಸನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು ಎಂಬುದು ‘ಹಸನ್ಮುಖ’ದ ಉದ್ದೇಶವಾಗಿರುತ್ತದೆ. ಮಕ್ಕಳನ್ನು ಸೇರಿಸುವ ಹೊಣೆ ಊರೂರಿನ ಆರೋಗ್ಯ ಠಾಣೆಯದು. ಪಾಠ ಓದುತ್ತಿರುವ ಮಗುವಿನ ಹೆಸರಿನ ಮುಂದೆ ಈ ಕಛೇರಿಯ ಕಂಪ್ಯೂಟರಿನಲ್ಲಿ ಹಸಿರು ಚುಕ್ಕೆ ಮೂಡುತ್ತದೆ. ಈ ಮಗುವನ್ನು ಯಾರಾದರೂ ಮಾತಾಡಿಸಬೇಕು ಎಂದು ಕಂಪ್ಯೂಟರಿಗೆ ಅನ್ನಿಸಿದಲ್ಲಿ ಚುಕ್ಕೆ ಕೆಂಪಾಗುತ್ತದೆ, ಮತ್ತು ‘ಎಪ್ಪತ್ತೆರಡು ಗಂಟೆಯೊಳಗೆ ನಮ್ಮವರೊಬ್ಬರು ನಿನಗೆ ಫೋನ್ ಮಾಡುತ್ತಾರೆ’ ಎಂಬ ಸಂದೇಶ ಮಗುವಿಗೆ ಹೋಗುತ್ತದೆ. ಈ ಸಂದೇಶವನ್ನು ಕಂಪ್ಯೂಟರು ಈ ಕಛೇರಿಯನ್ನು ಒಂದು ಮಾತೂ ಕೇಳದೆ ತಾನೇ ಕಳುಹಿಸುತ್ತದೆ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಲಾಗಿದೆ.

ಅರ್ಚಾ-ಬುಲಾಕ್ ಗ್ರಾಮದ ಮೂವತ್ತೊಂದು ಮಕ್ಕಳಲ್ಲಿ ಮೂವತ್ತು ಮಂದಿ ಹಸಿರಾಗಿದ್ದರು. ಮೇ ೧೪ರಂದು ಹದಿನೈದು ವರ್ಷದ ಕುಮಾರಿ ಬೆಗಾಯಿಮ್ ಎಂಬಾಕೆ ಕೆಂಪಾದಳು. ಅಷ್ಟರಲ್ಲಿ ‘ನೂರಕ್ಕೆ ನೂರು’ ಎಂಬ ಫಲಕಕ್ಕೆ ಬಣ್ಣ ಬಳಿದು ಒಣಗಿಸಿಯೂ ಆಗಿತ್ತು. ಈಗ ಅದೇ ಗ್ರಾಮದಲ್ಲಿ ಕೆಂಪು ಚುಕ್ಕೆಗಳು ಇಪ್ಪತ್ತಕ್ಕೆ ಏರಿದ್ದು, ಖಿನ್ನತೆಯನ್ನು ತಡೆಯಲು ಹೋದವರೇ ಅದನ್ನು ಊರಿಗೆಲ್ಲ ಹಂಚಿದರೆಂಬ ಕೆಟ್ಟ ಮಾತು ಹುಟ್ಟುವ ಸಂಭವವಿದೆ. ಹಾಗಾಗಿ ಸಂಬಂಧಪಟ್ಟ ಎಲ್ಲರ ತಿಳುವಳಿಕೆಗೆ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಕಾರ್ಯಕ್ರಮದ ಮೂಲ ಪ್ರತಿಯಲ್ಲಿ ಮೊದಲ ಪ್ರಶ್ನೆ ‘ಹೇಗಿದ್ದೀಯ?’ ಎಂದಿದ್ದು, ಕೆಳಗೆ ‘ಚೆನ್ನಾಗಿದ್ದೇನೆ’, ‘ಚೆನ್ನಾಗಿಲ್ಲ’ ಎಂಬ ಎರಡು ಗುಂಡಿಗಳಿದ್ದವು. ಗುರುತಿಲ್ಲದವರು ಬಾಗಿಲಲ್ಲಿ ನಿಂತು ಕ್ಷೇಮ ವಿಚಾರಿಸಿದಾಗ ‘ಚೆನ್ನಾಗಿಲ್ಲ’ ಎನ್ನುವುದು ನಮ್ಮಲ್ಲಿ ಮನೆಯ ಮರ್ಯಾದೆಗೆ ಕುಂದು. ಆದಕಾರಣ ಭಾಷಾಂತರ ಸಮಿತಿಯು ಎರಡನೇ ಗುಂಡಿಯನ್ನು ತೆಗೆದುಹಾಕಿತು. ಅದರ ಜಾಗದಲ್ಲಿ ಪದ್ಧತಿಯಂತೆ ಕುರಿಗಳು ಹೇಗಿವೆ, ಕುದುರೆಗಳು ಹೇಗಿವೆ, ಮನೆಮಂದಿ ಹೇಗಿದ್ದಾರೆ ಎಂಬ ಪ್ರಶ್ನೆಗಳನ್ನು ಸೇರಿಸಿ, ಅವಕ್ಕೂ ‘ಚೆನ್ನಾಗಿ’ ಎಂಬ ಒಂದೊಂದೇ ಗುಂಡಿ ಇಡಲಾಯಿತು. ಇದರಿಂದ ಜಿಲ್ಲೆಯ ಮಕ್ಕಳಷ್ಟೇ ಅಲ್ಲದೆ ಕುರಿ ಕುದುರೆಗಳೂ ನೂರಕ್ಕೆ ನೂರು ಸುಖವಾಗಿರುವುದು ಅಂಕಿ-ಅಂಶ ಸಮೇತ ದೃಢಪಟ್ಟಿತು. ಆದರೆ ಏಳನೇ ಪಾಠದ ಕೊನೆಯಲ್ಲಿ ‘ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆ’ ಎಂಬ ಖಾಲಿ ಚೌಕ ಉಳಿದುಹೋಯಿತು. ಆ ದಿನ ಸಮಿತಿಯ ಸದಸ್ಯರೆಲ್ಲರೂ ಅಧ್ಯಕ್ಷರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೋಗಿದ್ದರು. ಆಗಿರುವ ತಪ್ಪೆಲ್ಲವೂ ಆ ಚೌಕದ್ದೆಂದು ಪರಿಗಣಿಸಲಾಗಿದೆ.

೨. ಸದರಿ ಚೌಕದಲ್ಲಿ ಮೂವತ್ತು ಮಕ್ಕಳು ‘ಚೆನ್ನಾಗಿದೆ’ ಎಂದೇ ಬರೆದಿದ್ದರು. ಅವರ ಸಭ್ಯತೆಯನ್ನು ಶ್ಲಾಘಿಸಲಾಗಿದೆ. ಕುಮಾರಿ ಬೆಗಾಯಿಮ್ ಬರೆದದ್ದನ್ನು ವರ್ಗೀಕರಣದ ಉದ್ದೇಶಕ್ಕಾಗಿ ಇದ್ದಂತೆಯೇ ಕೊಡಲಾಗಿದೆ:

“ಬೆಳಿಗ್ಗೆ ಏಳಕ್ಕೆ ಮನಸ್ಸೇ ಬರಲ್ಲ. ಹಾಲು ಕರೆಯೋವಾಗ ಸುಮ್ಸುಮ್ನೆ ಅಳು ಬರುತ್ತೆ, ಯಾಕೇಂತ ನಂಗೂ ಗೊತ್ತಿಲ್ಲ. ಅಜ್ಜಿಗೆ ಹೇಳಿದ್ರೆ ದೃಷ್ಟಿ ತಾಗಿದೆ ಅಂತ ಹೊಗೆ ಹಾಕ್ತಾಳೆ. ಅಮ್ಮ ಭಾನುವಾರ ಮಾಸ್ಕೋದಿಂದ ಫೋನ್ ಮಾಡಿ ಹೇಗಿದೀಯ ಅಂತಾಳೆ. ಚೆನ್ನಾಗಿದೀನಿ ಅಂತೀನಿ. ಸರಿ ಅಂತ ಇಟ್ಬಿಡ್ತಾಳೆ. ಯಾರಾದ್ರೂ ಇನ್ನೊಂದ್ಸಲ ಕೇಳಿದ್ರೆ ಹೇಳ್ತೀನಿ.”

ಪರಿಶೀಲನೆಯ ನಂತರ ಇದನ್ನು ‘ಇತರೆ’ ಎಂಬ ಶೀರ್ಷಿಕೆಯಡಿ ಸೇರಿಸಲಾಗಿದೆ.

೩. ಎಪ್ಪತ್ತೆರಡು ಗಂಟೆಯ ಬಗ್ಗೆ. ಗಂಟೆ ಎಂದರೆ ಕಛೇರಿಯ ಗಂಟೆ ಎಂದೇ ಅರ್ಥೈಸತಕ್ಕದ್ದು. ದಿನವೊಂದರಲ್ಲಿ ಊಟ, ಚಹಾ, ಸಭೆ ಮತ್ತು ಕರೆಂಟು ಹೋಗುವ ಸಮಯವನ್ನು ಕಳೆದರೆ ನಾಲ್ಕೂವರೆ ಗಂಟೆ ಉಳಿಯುತ್ತದೆ. ಆ ಪ್ರಕಾರ ಎಪ್ಪತ್ತೆರಡು ಗಂಟೆ ಎಂದರೆ ಹದಿನಾರು ಕೆಲಸದ ದಿನಗಳು. ಹಬ್ಬದ ರಜೆಯನ್ನೂ ಬಿಟ್ಟರೆ ಕುಮಾರಿಗೆ ಫೋನ್ ಮಾಡಲು ಜೂನ್ ೫ರವರೆಗೆ ಕಾಲಾವಕಾಶವಿದೆ. ಸದರಿಯವಳ ಮನೆಯವರು ಜೂನ್ ೨ಕ್ಕೇ ಹಿಂಡು ಹೊಡೆದುಕೊಂಡು ಫೋನಿಲ್ಲದ ಬೇಸಿಗೆ ಹುಲ್ಲುಗಾವಲಿಗೆ ಹೋಗುತ್ತಾರೆ ಎಂಬುದು ಅವರ ಸ್ವಂತ ವಿಚಾರ. ಅಲ್ಲದೆ, ಫೋನನ್ನು ಯಾರು ಮಾಡತಕ್ಕದ್ದು ಎಂಬ ಕಡತ ಕಾನೂನು ವಿಭಾಗದಲ್ಲಿದೆ. ಕಾನೂನು ವಿಭಾಗವು ಎದುರಿನ ಕೋಣೆಯಲ್ಲಿದ್ದು, ಅದರ ಬಾಗಿಲು ಇಲ್ಲಿಂದ ಚೆನ್ನಾಗಿ ಕಾಣುತ್ತದೆ.

೪. ‘ಪಾಠಗಳನ್ನು ಯಾರೂ ಇಲ್ಲದ ಶಾಂತ ಸ್ಥಳದಲ್ಲಿ ಓದಬೇಕು’ ಎಂದು ಕಾರ್ಯಕ್ರಮ ಹೇಳುತ್ತದೆ. ಅರ್ಚಾ-ಬುಲಾಕಿನಲ್ಲಿ ನೆಟ್‌ವರ್ಕ್ ಸಿಗುವುದು ಊರಾಚೆಯ ದಿಬ್ಬದ ಮೇಲೆ ಮಾತ್ರ, ಮತ್ತು ಅಲ್ಲಿ ಯಾವಾಗ ನೋಡಿದರೂ ಹತ್ತು ಹನ್ನೆರಡು ಜನ ದೂರದ ನೆಂಟರೊಂದಿಗೆ ಕೂಗಾಡುತ್ತಿರುತ್ತಾರೆ. ಆದ್ದರಿಂದ ಪ್ರತಿದಿನ ಮೂರರಿಂದ ನಾಲ್ಕರವರೆಗೆ ಸದರಿ ದಿಬ್ಬವನ್ನು ‘ಯಾರೂ ಇಲ್ಲದ ಸ್ಥಳ’ ಎಂದು ಈ ಮೂಲಕ ಘೋಷಿಸಲಾಗಿದೆ. ಆ ಅವಧಿಯಲ್ಲಿ ಅಲ್ಲಿರುವವರು ತಾವು ಇಲ್ಲವೆಂದು ಭಾವಿಸಿ ಪೂರ್ವಕ್ಕೆ ಮುಖ ಮಾಡಿ ನಿಲ್ಲತಕ್ಕದ್ದು. ಕುದುರೆಗಳಿಗೂ ಇದು ಅನ್ವಯಿಸುತ್ತದೆ. ಕತ್ತೆಗಳಿಗೆ ಹೇಳಿ ಪ್ರಯೋಜನವಿಲ್ಲವಾದ್ದರಿಂದ ವಿನಾಯಿತಿ ನೀಡಲಾಗಿದೆ.

೫. ಮೂರನೇ ಪಾಠದಲ್ಲಿ ‘ಇಂದು ನಡೆದ ಒಂದು ಒಳ್ಳೆಯ ಸಂಗತಿ ಬರೆ’ ಎಂಬ ಪ್ರಶ್ನೆಗೆ ಒಂಬತ್ತು ಮಕ್ಕಳು ‘ಎದುರುಮನೆ ಹಸು ಕರು ಹಾಕಿತು’ ಎಂದು ಬರೆದಿದ್ದಾರೆ. ವಿಚಾರಿಸಲಾಗಿ, ಒಂಬತ್ತೂ ಒಂದೇ ಕರುವೆಂದು ತಿಳಿದುಬಂದಿದೆ. ಇನ್ನು ಮುಂದೆ ಒಂದು ಕರುವಿನಿಂದ ಒಂದು ಮಗು ಮಾತ್ರ ಸಂತೋಷಪಡತಕ್ಕದ್ದು. ಒಡಹುಟ್ಟಿದವರು ಹಂಚಿಕೊಳ್ಳಬಹುದು. ಅವಳಿ ಕರುಗಳ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

೬. ಐದನೇ ಪಾಠದ ‘ದಿನಕ್ಕೆ ಇಪ್ಪತ್ತು ನಿಮಿಷ ಬಯಲಿನಲ್ಲಿ ನಡೆ’ ಎಂಬುದಕ್ಕೆ ಕೆಲವು ಮಕ್ಕಳು ‘ಕುರಿ ಹಿಂದೆ ಹದಿನಾಲ್ಕು ಕಿಲೋಮೀಟರ್ ನಡೆದೆ’ ಎಂದು ಉತ್ತರಿಸಿದ್ದಾರೆ. ಕುರಿಯ ಹಿಂದೆ ನಡೆಯುವುದು ಕುರಿಯ ಕೆಲಸ, ಮನಸ್ಸಿನ ಕೆಲಸವಲ್ಲ. ಕುರಿಗಳನ್ನು ಕೊಟ್ಟಿಗೆಗೆ ಸೇರಿಸಿದ ಮೇಲೆ ಮಗುವು ಮತ್ತೊಮ್ಮೆ ಹೊರಟು, ಕುರಿಗಳಿಲ್ಲದೆ, ಇಪ್ಪತ್ತು ನಿಮಿಷ ಉಲ್ಲಾಸದಿಂದ ನಡೆಯತಕ್ಕದ್ದು.

೭. ಅಜ್ಜಿಯಂದಿರು ದೃಷ್ಟಿ ತೆಗೆಯಲು ಫೋನಿಗೆ ಹೊಗೆ ಹಾಕುವಾಗ ಚಾರ್ಜರ್ ತೆಗೆದಿರಬೇಕು.

೮. ಮೇ ೧೪ರ ಕೆಂಪು ಚುಕ್ಕೆಯನ್ನು ಸ್ಥಳ ಪರಿಶೀಲನೆ ಮಾಡಲು ಐವರ ಆಯೋಗ ರಚಿಸಲಾಯಿತು. ಚುಕ್ಕೆಯು ಕಂಪ್ಯೂಟರಿನಲ್ಲಿ ಮಾತ್ರ ಇರುವುದರಿಂದ ‘ಸ್ಥಳ’ ಎಂದರೆ ಕಂಪ್ಯೂಟರ್ ಇರುವ ಕೋಣೆ ಎಂದು ತೀರ್ಮಾನಿಸಿ, ಆಯೋಗವು ಮೊದಲನೇ ಮಹಡಿಯಿಂದ ಎರಡನೇ ಮಹಡಿಗೆ ಪ್ರಯಾಣ ಬೆಳೆಸಿತು. ನಲವತ್ತೆರಡು ಪುಟಗಳ ವರದಿ ಸಲ್ಲಿಕೆಯಾಗಿದೆ. ಚುಕ್ಕೆ ದುಂಡಗಿದೆ ಎಂಬುದರಲ್ಲಿ ಐವರಿಗೂ ಒಮ್ಮತವಿದೆ.

೯. ಹೀಗೆ ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತಿರುವಾಗ, ವೈದ್ಯರಿಲ್ಲದ ಆ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ವೈದ್ಯರ ಕೆಲಸವನ್ನೆಲ್ಲ ಮಾಡಿಕೊಂಡಿರುವ ಶ್ರೀಮತಿ ಕಾಲಿಪಾ ಅವರು (ಊರ ಮಕ್ಕಳ ಬಾಯಲ್ಲಿ ‘ಎಜೆ’, ಅಂದರೆ ಅಕ್ಕ) ಯಾವುದೇ ಆದೇಶವಿಲ್ಲದೆ ಕುಮಾರಿ ಬೆಗಾಯಿಮ್‌ಳ ಮನೆಗೆ ಹೋಗಿ ಆಕೆಯನ್ನು ಮಾತಾಡಿಸಿದ್ದಾರೆ. ವಿವರಣೆ ಕೇಳಲಾಗಿ, ಅವರು ಬರೆದುಕೊಟ್ಟದ್ದು ಹೀಗಿದೆ:

“ತಮ್ಮಾ ಶಾರ್ಶೆನ್, ವಿವರಣೆ ಕೊಡು ಅಂದಿದೀಯ, ತಗೋ. ನಾಲ್ಕು ದಿನ ಸಂಜೆ ಆ ಹುಡುಗಿ ತನ್ನಜ್ಜಿ ಫೋನ್ ಹಿಡ್ಕೊಂಡು ದಿಬ್ಬದ ಮೇಲೆ ನಿಂತಿದ್ಲು. ಗಾಳಿ ಅಂದ್ರೆ ಕಿವಿ ಕಿತ್ತುಹೋಗೋ ಗಾಳಿ. ಯಾರ ಫೋನಿಗೆ ಕಾಯ್ತಿದೀಯೇ ಅಂತ ಕೇಳ್ದೆ. ‘ಯಾರೋ ಮಾಡ್ತಾರಂತೆ ಕಾಲಿಪಾ ಎಜೆ, ಮೆಸೇಜ್ ಬಂದಿದೆ’ ಅಂದ್ಲು. ನಾನೇ ನಿಮ್ಮ ಆಫೀಸಿಗೆ ಮಾಡ್ದೆ. ಕಡತ ಎದುರು ಕೋಣೇಲಿದೆ ಅಂದ್ರಿ. ಥೂ ನಿಮ್ಮ ಅಂತ ಇಟ್ಟೆ. ಅದನ್ನೂ ಬರ್ಕೊಳ್ಳಿ.

“ಅವ್ರ ಮನೆಗೆ ಹೋದೆ. ಹೇಗಿದೀಯ ಅಂದೆ, ಚೆನ್ನಾಗಿದೀನಿ ಅಂದ್ಲು. ನಮ್ಮಲ್ಲಿ ಒಂದ್ಸಲ ಕೇಳಿದ್ರೆ ಯಾರು ತಾನೇ ಬಾಯಿ ಬಿಡ್ತಾರೆ? ನಿನ್ ಕಂಪ್ಯೂಟರಿಗೆ ಅದು ಗೊತ್ತಿಲ್ಲ, ನಿಂಗೆ ಗೊತ್ತಿತ್ತಲ್ಲ! ಕುರಿ ಮಾತಾಡಿದ್ವಿ, ಮಳೆ ಮಾತಾಡಿದ್ವಿ, ಎರಡನೇ ಬಟ್ಟಲು ಚಹಾ ಆಯ್ತು. ಇನ್ನೊಂದ್ಸಲ ಕೇಳ್ದೆ. ‘ಚೆನ್ನಾಗೇ ಇದೀನಿ ಎಜೆ’ ಅಂದ್ಲು. ಈ ಸಲ ನನ್ ಮುಖ ನೋಡ್ಲಿಲ್ಲ. ಅಜ್ಜಿಗೆ, ‘ನೀವು ಹೋಗಿ ಕರು ಕಟ್ಟಿದೀರಾ ನೋಡಿ’ ಅಂತ ಆಚೆ ಕಳಿಸ್ದೆ. ಮೂರನೇ ಸಲ ಕೇಳ್ದೆ. ಆಮೇಲೆ ಅವಳೇ ಮಾತಾಡಿದ್ಲು. ಎರಡು ಗಂಟೆ. ಏನು ಹೇಳಿದ್ಲು ಅಂತ ಬರೆಯಕ್ಕೆ ನಿಮ್ ನಮೂನೇಲಿ ಜಾಗ ಬಿಟ್ಟಿದೀರಿ. ಬರೆಯಲ್ಲ. ಅದು ನಂಗೆ ಹೇಳಿದ್ದು, ಆಫೀಸಿಗಲ್ಲ.

“ಪಟ್ಟಣದ ಮನಸ್ಸಿನ ಡಾಕ್ಟ್ರಿಗೂ ತೋರಿಸ್ದೆ. ಪಾಠ ಒಳ್ಳೇದೇ, ಓದ್ಲಿ, ಆದ್ರೆ ಯಾರಾದ್ರೂ ವಾರವಾರ ಪಕ್ಕ ಕೂತ್ಕೊಂಡು ವಿಚಾರಿಸ್ಬೇಕು, ಈಗ ಕೈಬಿಟ್ರೆ ಜಾಸ್ತಿ ಆಗುತ್ತೆ ಅಂದ್ರು. ನಾಡಿದ್ದು ಎರಡನೇ ತಾರೀಕು ಅವ್ರು ಬೆಟ್ಟ ಹತ್ತುತಾರೆ. ಅಲ್ಲಿ ಯಾವ ಫೋನು, ಯಾವ ಪಾಠ? ಪ್ರತಿ ಗುರುವಾರ ನಾನೇ ಕುದುರೆ ಮೇಲೆ ಬರ್ತೀನಿ ಅಂತ ಮಾತು ಕೊಟ್ಟಿದೀನಿ. ‘ನಿಜವಾಗ್ಲೂ ಬರ್ತೀರಾ?’ ಅಂತ ಕೇಳಿದ್ಲು, ಮತ್ತೆ ಕೇಳಿದ್ಲು, ಬಾಗಿಲವರೆಗೂ ಬಂದು ಇನ್ನೊಂದ್ಸಲ ಕೇಳಿದ್ಲು. ಹೋಗಕ್ಕೆ ಐದು ಗಂಟೆ, ಬರಕ್ಕೆ ಐದು ಗಂಟೆ. ಗುರುವಾರ ಠಾಣೆ ಮುಚ್ಬೇಕಾಗುತ್ತೆ. ಅಪ್ಪಣೆ ಕೊಡು. ಕೊಡ್ದೆ ಇದ್ರೆ ಆ ಮಗು ಮತ್ಯಾವತ್ತೂ ಯಾರನ್ನೂ ನಂಬಲ್ಲ, ನೆನಪಿಟ್ಕೋ.”

೧೦. ಮೇಲ್ಕಂಡ ವಿವರಣೆಯ ಮೇಲೆ ಈ ಕಛೇರಿಯ ಅಭಿಪ್ರಾಯಗಳು:

(ಅ) ಉಪನಿರ್ದೇಶಕರನ್ನು ಲಿಖಿತವಾಗಿ ‘ತಮ್ಮಾ’ ಎಂದು ಸಂಬೋಧಿಸಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಅವರು ವಯಸ್ಸಿನಲ್ಲಿ ದೊಡ್ಡವರಿರಬಹುದು. ದರ್ಜೆಯಲ್ಲಿ ಅಲ್ಲ.
(ಆ) ನಮೂನೆಯಲ್ಲಿ ಬಿಟ್ಟ ಜಾಗವನ್ನು ಖಾಲಿ ಬಿಟ್ಟಿರುವುದು ಅಶಿಸ್ತು. ಕನಿಷ್ಠ ಒಂದು ಅಡ್ಡಗೆರೆಯನ್ನಾದರೂ ಎಳೆಯಬಹುದಿತ್ತು.
(ಇ) ಸದರಿ ಎರಡು ಗಂಟೆಗಳ ಮಾತುಕತೆ ಆನ್‌ಲೈನ್‌ನಲ್ಲಿ ನಡೆದಿಲ್ಲ. ಹಾಗಾಗಿ ಅದು ನಡೆದೇ ಇಲ್ಲ. ಕಛೇರಿಯ ದಾಖಲೆಯ ಪ್ರಕಾರ ಕುಮಾರಿ ಬೆಗಾಯಿಮ್ ಈಗಲೂ ದಿಬ್ಬದ ಮೇಲೆಯೇ ನಿಂತಿದ್ದಾಳೆ.

೧೧. ಸೋಂಕಿನ ಬಗ್ಗೆ. ಕೆಂಪಾದವರ ಮನೆಗೆ ಕಾಲಿಪಾ ಅವರು ಬಂದು ಕೂರುತ್ತಾರೆ ಎಂಬ ಸುದ್ದಿ ಊರಲ್ಲಿ ಹಬ್ಬಿದ ಮೂರೇ ದಿನಗಳಲ್ಲಿ, ಅಲ್ಲಿಯವರೆಗೆ ಹಸಿರಾಗಿದ್ದ ಹತ್ತೊಂಬತ್ತು ಮಕ್ಕಳು ಸಾಲಾಗಿ ದಿಬ್ಬ ಹತ್ತಿ, ಏಳನೇ ಪಾಠದ ಚೌಕದಲ್ಲಿದ್ದ ‘ಚೆನ್ನಾಗಿದೆ’ಯನ್ನು ಅಳಿಸಿ ಬೇರೆ ಬೇರೆ ಬರೆದಿದ್ದಾರೆ. ಜಿಲ್ಲಾ ಕುಸ್ತಿಯಲ್ಲಿ ಗೆದ್ದು ಈ ಕಛೇರಿಯಿಂದಲೇ ಶಾಲು ಹೊದಿಸಿಕೊಂಡ ಹದಿನೇಳರ ಹುಡುಗನೊಬ್ಬ “ನಂಗೆ ಕುಸ್ತಿ ಅಂದ್ರೆ ಭಯ. ಅಪ್ಪಂಗೆ ಹೇಳ್ಬೇಡಿ” ಎಂದು ಬರೆದಿದ್ದಾನೆ. ಒಬ್ಬಳು ನಾಲ್ಕು ಪುಟ ಬರೆದಿದ್ದಾಳೆ. ಮತ್ತೊಬ್ಬಳು ಒಂದೇ ಸಾಲು: “ಕಾಲಿಪಾ ಎಜೆ ನಮ್ಮನೆಗೆ ಯಾವಾಗ ಬರ್ತಾರೆ? ನಮ್ಮಲ್ಲೂ ಚಹಾ ಇದೆ.” ಇಷ್ಟು ದಿನ ಈ ಮಕ್ಕಳು ಸುಖವಾಗಿಯೇ ಇದ್ದರು ಎಂಬುದಕ್ಕೆ ಕಛೇರಿಯಲ್ಲಿ ಪುರಾವೆ ಇದೆ. ಆದ್ದರಿಂದ ಈ ಖಿನ್ನತೆಯು ಕಾಲಿಪಾ ಅವರ ಕುದುರೆಯ ಮೂಲಕವೇ ಹರಡಿರಬೇಕೆಂದು ಶಂಕಿಸಲಾಗಿದೆ.

೧೨. ಆದುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಏಳನೇ ಪಾಠದ ಖಾಲಿ ಚೌಕವನ್ನು ಮುಚ್ಚತಕ್ಕದ್ದು. ಅಲ್ಲಿ ಹೂವಿನ ಚಿತ್ರ ಹಾಕಬಹುದು.
(ಆ) ಕೆಂಪಾಗಿರುವ ಇಪ್ಪತ್ತೂ ಮಕ್ಕಳು ಜೂನ್ ೨೦ರೊಳಗಾಗಿ ಹಸಿರಾಗತಕ್ಕದ್ದು. ತಪ್ಪಿದಲ್ಲಿ ತಾವು ಏಕೆ ಸಂತೋಷವಾಗಿಲ್ಲ ಎಂಬುದಕ್ಕೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.
(ಇ) ಶ್ರೀಮತಿ ಕಾಲಿಪಾ ಅವರು ಹುಲ್ಲುಗಾವಲಿಗೆ ಹೋಗಲು ಕೋರಿರುವ ಅಪ್ಪಣೆಯನ್ನು ನಿರಾಕರಿಸಲಾಗಿದೆ. ಪ್ರತಿ ಗುರುವಾರ ಅವರು ದಿಬ್ಬದ ಮೇಲೆ ಕುಳಿತು ಚುಕ್ಕೆಗಳ ಮೇಲೆ ನಿಗಾ ಇಡತಕ್ಕದ್ದು. ಅವರ ಕುದುರೆಯ ಜೀನನ್ನು ಈ ಕಛೇರಿಯ ವಶಕ್ಕೆ ಒಪ್ಪಿಸತಕ್ಕದ್ದು.

೧೩. ಬಣ್ಣ ಬಳಿದ ಫಲಕ ವ್ಯರ್ಥವಾಗಬಾರದೆಂಬ ಸದುದ್ದೇಶದಿಂದ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕುರಿ ಮತ್ತು ಕುದುರೆಗಳಲ್ಲಿ’ ಎಂದು ಸೇರಿಸಿ, ಪ್ರಧಾನ ದ್ವಾರದಲ್ಲಿ ತೂಗುಹಾಕಲಾಗುವುದು.

೧೪. ಈ ಸುತ್ತೋಲೆ ಇಲ್ಲಿಗೆ ಮುಗಿಯಬೇಕಿತ್ತು.

ಸಹಿಗೆ ಸಿದ್ಧವಾಗಿದ್ದಾಗ, ಅಂದರೆ ಇಂದು ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ, ಕಂಪ್ಯೂಟರಿನಲ್ಲಿ ಇಪ್ಪತ್ತೊಂದನೇ ಕೆಂಪು ಚುಕ್ಕೆ ಮೂಡಿತು. ಇದು ಅರ್ಚಾ-ಬುಲಾಕಿನದಲ್ಲ. ಜಿಲ್ಲಾ ಪಟ್ಟಣದ ನದಿ ಬೀದಿ, ಮನೆ ಸಂಖ್ಯೆ ೧೪, ತಿಲೆಕ್ ಓಮುರೋವ್, ಹದಿನಾರು ವರ್ಷ. ಸದರಿ ಮನೆಯು ಈ ಸುತ್ತೋಲೆಗೆ ಸಹಿ ಮಾಡುವವರದು. ಸದರಿ ಹುಡುಗನು ಅವರ ಮಗ.

ಆತನು ಚೌಕದಲ್ಲಿ ಬರೆದದ್ದನ್ನು ವರ್ಗೀಕರಣಕ್ಕಾಗಲಿ ಬೇರಾವ ಉದ್ದೇಶಕ್ಕಾಗಲಿ ಇಲ್ಲಿ ಕೊಡಲಾಗುವುದಿಲ್ಲ. ಅದನ್ನು ಓದಲಾಗಿದೆ. ಐದು ಸಲ ಓದಲಾಗಿದೆ.

ಮಧ್ಯಾಹ್ನ ಊಟದ ಸಮಯದಲ್ಲಿ ಮನೆಗೆ ತೆರಳಿ ‘ಹೇಗಿದೀಯ?’ ಎಂದು ವಿಚಾರಿಸಲಾಯಿತು. ‘ಚೆನ್ನಾಗಿದೀನಪ್ಪಾ’ ಎಂಬ ಉತ್ತರ ಬಂದಿತು. ‘ಸರಿ’ ಎಂದು ಹೇಳಿ, ಊಟ ಮುಗಿಸಿ, ಕಛೇರಿಗೆ ಹಿಂತಿರುಗಲಾಯಿತು. ಹಿಂತಿರುಗಿದ ಮೇಲೆ ಕುರ್ಚಿಯಲ್ಲಿ ಕೂರಲು ಸಾಧ್ಯವಾಗಲಿಲ್ಲ. ಸಹಿ ಮಾಡುವವರಿಗೆ ಭಯವಾಗಿದೆ ಎಂಬುದನ್ನು ದಾಖಲಿಸಲಾಗಿದೆ.

೧೫. ತದನಂತರ ಅರ್ಚಾ-ಬುಲಾಕಿಗೆ ಫೋನ್ ಮಾಡಲಾಯಿತು. ದಿಬ್ಬದ ಮೇಲಿದ್ದ ಯಾರೋ ಎತ್ತಿ, ಕೂಗಿ ಕರೆದು, ಕಾಲಿಪಾ ಅವರ ಕೈಗೆ ಕೊಟ್ಟರು. ಇಂದೇ ಜಿಲ್ಲಾ ಪಟ್ಟಣಕ್ಕೆ ಬರತಕ್ಕದ್ದೆಂದು ಅವರಿಗೆ ಆದೇಶಿಸಲಾಯಿತು. ನಂತರ ಕೇಳಿಕೊಳ್ಳಲಾಯಿತು. ಅವರು ಹೇಳಿದ್ದು:

“ಇವತ್ತು ಆಗಲ್ಲ ತಮ್ಮಾ. ನಾಳೆ ಬೆಳಿಗ್ಗೆ ಇವ್ರು ಹೊರಡ್ತಾರೆ, ಈ ಹುಡುಗಿ ಬೆಳಿಗ್ಗೆಯಿಂದ ನನ್ ಸೆರಗು ಬಿಟ್ಟಿಲ್ಲ. ನಿನ್ ಮಗ ನಿನ್ ಮನೇಲೇ ಇದಾನಲ್ಲೋ! ನೀನೇ ಕೇಳು.”

ಕೇಳಿ ಆಗಿದೆ, ಚೆನ್ನಾಗಿದ್ದೇನೆ ಎಂದನು, ಇನ್ನು ಏನೆಂದು ಕೇಳುವುದು, ಅದಕ್ಕೆ ಕಛೇರಿಯಲ್ಲಿ ಯಾವ ನಮೂನೆಯೂ ಇಲ್ಲವೆಂದು ಅವರಿಗೆ ತಿಳಿಸಲಾಯಿತು.

“ಅಯ್ಯೋ ನಿನ್ ನಮೂನೆಗಿಷ್ಟು! ಅದನ್ನೇ ಕೇಳೋ. ಆಫೀಸರ್ ಥರ ನಿಂತ್ಕೊಂಡು ಕೇಳ್ಬೇಡ, ಪಕ್ಕ ಕೂತ್ಕೊಂಡು ಕೇಳು. ಚೆನ್ನಾಗಿದೀನಿ ಅಂತಾನೆ. ಏಳ್ಬೇಡ. ಏನೂ ಬುದ್ಧಿ ಹೇಳ್ಬೇಡ. ಅವ್ನು ಬೈದ್ರೂ ಏಳ್ಬೇಡ. ನಾಳೆ ಬೆಳಿಗ್ಗೆ ಮನಸ್ಸಿನ ಡಾಕ್ಟ್ರ ಹತ್ರ ನೀನೇ ಜೊತೇಲಿ ಹೋಗು, ಬೇರೆಯವ್ರನ್ನ ಕಳಿಸ್ಬೇಡ. ಈಗ ಫೋನ್ ಇಡು, ಹೊರಡು.”

೧೬. ಮೇಲ್ಕಂಡ ಸನ್ನಿವೇಶದಲ್ಲಿ ಕಂಡಿಕೆ ೧೨ನ್ನು ಸಂಪೂರ್ಣವಾಗಿ ರದ್ದುಪಡಿಸಲಾಗಿದೆ. ಶ್ರೀಮತಿ ಕಾಲಿಪಾ ಬೈಸಾಲೋವಾ ಅವರು ಬೇಸಿಗೆ ಮುಗಿಯುವವರೆಗೆ ಪ್ರತಿ ಗುರುವಾರ ಹುಲ್ಲುಗಾವಲಿಗೆ ಹೋಗಿ ಕುಮಾರಿ ಬೆಗಾಯಿಮ್ ಜೊತೆ ಕೂರಲು ಅಪ್ಪಣೆ ನೀಡಲಾಗಿದೆ. ಕುದುರೆ ಮತ್ತು ಜೀನು ಅವರ ಬಳಿಯೇ ಇರತಕ್ಕದ್ದು. ಉಳಿದ ಹತ್ತೊಂಬತ್ತು ಮಕ್ಕಳ ಮನೆಗಳಿಗೆ ಅವರು ಹೇಳಿದ ಸರದಿಯಂತೆ ಆಯೋಗದ ಐವರೂ ಅವರೊಂದಿಗೆ ಹೋಗಿ, ಏನನ್ನೂ ಬರೆದುಕೊಳ್ಳದೆ, ಕೊಟ್ಟಷ್ಟು ಚಹಾ ಕುಡಿದು, ಕೇಳಿಸಿಕೊಂಡು ಬರತಕ್ಕದ್ದು. ಮಿಕ್ಕ ಕಂಡಿಕೆಗಳನ್ನು ಸರಿಪಡಿಸಲು ಸಹಿ ಮಾಡುವವರಿಗೆ ಈಗ ಸಮಯವಿಲ್ಲ. ಕಛೇರಿಯನ್ನು ಇಂದು ಮೂರು ಗಂಟೆಗೇ ಮುಚ್ಚಲಾಗಿದೆ.

(ಸಹಿ)
ಶಾರ್ಶೆನ್ ಓಮುರೋವ್
ಉಪನಿರ್ದೇಶಕರು, ಅಂಕಿ-ಅಂಶ ಮತ್ತು ಹದಿಹರೆಯ

ಪ್ರತಿಗಳು:

೧. ರಾಜಧಾನಿಯ ಮುಖ್ಯ ಕಛೇರಿಗೆ: ನೂರಕ್ಕೆ ನೂರು ಆಗಿಲ್ಲವೆಂಬ ಮಾಹಿತಿಗಾಗಿ.
೨. ಕಾನೂನು ವಿಭಾಗಕ್ಕೆ: ಕಡತ ಇನ್ನು ಬೇಕಾಗಿಲ್ಲ, ಅಲ್ಲಿಯೇ ಇಟ್ಟುಕೊಳ್ಳಬಹುದು.
೩. ಭಾಷಾಂತರ ಸಮಿತಿಯ ಅಧ್ಯಕ್ಷರಿಗೆ: ತೆಗೆದುಹಾಕಿದ ಗುಂಡಿಯನ್ನು ಹುಡುಕಿ ವಾಪಸು ಇಡಲು. ಮೊಮ್ಮಗನಿಗೆ ಶುಭ ಹಾರೈಕೆಗಳೊಂದಿಗೆ.
೪. ಆಯೋಗದ ಐವರು ಸದಸ್ಯರಿಗೆ: ಈ ಸಲ ಊರಿಗೇ ಹೋಗಲು.
೫. ಶ್ರೀಮತಿ ಕಾಲಿಪಾ ಬೈಸಾಲೋವಾ ಅವರಿಗೆ: ಕಂಡಿಕೆ ೧೬ನ್ನು ಮಾತ್ರ ಓದಲು ಕೋರಿಕೆ.
೬. ಕುಮಾರಿ ಬೆಗಾಯಿಮ್‌ಗೆ: ಗುರುವಾರ ಬರುತ್ತಾರೆ. ಖಂಡಿತ ಬರುತ್ತಾರೆ.
೭. ತಿಲೆಕ್ ಓಮುರೋವ್, ನದಿ ಬೀದಿ: ಪ್ರತಿ ಕಳುಹಿಸಿಲ್ಲ. ಸಹಿ ಮಾಡಿದವರೇ ಬರುತ್ತಿದ್ದಾರೆ.